ಇನ್ನೂರಾ ಏಳನೆಯ ಟೆಸ್ಟ್

ಲಕ್ಷ್ಮೇಶ್ವರ
ಗುರುವಾರ, ೧೨ ಜೂನ್ ೨೦೨೫

ಬೆಟಗೇರಿಯ ಹರ್ಷಾ ಮೇಡಂ ಅವರಿಗೆ ಲಕ್ಷ್ಮೇಶ್ವರದ ಟೈಪಿಸ್ಟ್ ಮಾಡುವ ನಮಸ್ಕಾರಗಳು.

ತಾವು ಕ್ಷೇಮವೆಂದು ಭಾವಿಸಿದ್ದೇನೆ ಎಂದು ಬರೆಯುವುದು ರೂಢಿ. ಆದರೆ ಮೊನ್ನೆ ಮಂಗಳವಾರ ಗದಗಿನ ಸಭೆಯಲ್ಲಿ ತಮ್ಮನ್ನು ಕಣ್ಣಾರೆ ನೋಡಿದ್ದೇನೆ, ಕ್ಷೇಮವಾಗಿರಲಿಲ್ಲ. ನಾನಂತೂ ಬಹಳ ಕ್ಷೇಮವಾಗಿದ್ದೇನೆ. ಸಭೆ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದು ಗಿರ್ಮಿಟ್, ಮಿರ್ಚಿ ತಿಂದೆ, ಎರಡು ಪ್ಲೇಟು. ಸಾಕು, ಈ ಬಹುವಚನ ನಾಲ್ಕು ಸಾಲಿಗೇ ಬೇಸರ ಬಂತು. ಹನ್ನೊಂದು ವರ್ಷ ನಿನ್ನನ್ನು ‘ಏ ಹರ್ಷಿ’ ಎಂದು ಕೂಗಿದವಳು ನಾನು, ಸಿಟ್ಟಿನಲ್ಲೂ ನೀನು ಎಂದೇ ಬರೆಯುತ್ತೇನೆ.

ಫೋನಿನಲ್ಲಿ ನನ್ನ ನಂಬರನ್ನು ತಡೆದು ಕೂತಿದ್ದೀಯ. ಪೋಸ್ಟಮನ್‌ನನ್ನು ತಡೆಯಲಾರೆ. ಅವನು ನಿಮ್ಮ ತಂದೆ ದತ್ತಾತ್ರಿ ಮಾಸ್ತರರ ಕೈಯಲ್ಲಿ ಕಲಿತವನು, ಪತ್ರವನ್ನು ಕೈಗೇ ಕೊಟ್ಟು ಚಹಾ ಕುಡಿದೇ ಹೋಗುತ್ತಾನೆ. ಅದಕ್ಕೆ ಕಾಗದದ ಮೇಲೆ ಬರೆಯುತ್ತಿದ್ದೇನೆ. ಓದದೆ ಹರಿದು ಹಾಕುವ ಗಟ್ಟಿತನ ನಿನಗಿಲ್ಲ, ನನಗೆ ಗೊತ್ತು.

ಮೊದಲಿನಿಂದ ಬರೆಯುತ್ತೇನೆ, ಏಕೆಂದರೆ ಬೇಕಾದದ್ದನ್ನು ಮಾತ್ರ ನೆನಪಿಡುವುದು ನಿನ್ನ ಗುಣ. ಕನ್ನಡ ಶಾಲೆಯಿಂದ ಬಂದ ಹುಡುಗ ಹುಡುಗಿಯರು ಡಿಪ್ಲೊಮಾ ಮೊದಲ ವರ್ಷದಲ್ಲಿ ಸಿ ಭಾಷೆಯ ಪ್ರೋಗ್ರಾಂ ಬರೆಯುತ್ತಾರೆ. ಒಂದು ಚಿಹ್ನೆ ತಪ್ಪಿದರೆ ಪರದೆಯ ತುಂಬ ಕೆಂಪು ಇಂಗ್ಲಿಷ್ ಬೈಗುಳ. ಅದನ್ನು ನೋಡಿ ಪುಸ್ತಕ ಮುಚ್ಚಿ ಎದ್ದುಹೋಗುತ್ತಾರೆ. ನಾವಿಬ್ಬರೂ ಒಂದು ಕಾಲಕ್ಕೆ ಹಾಗೆ ಎದ್ದುಹೋಗಿ ಲ್ಯಾಬಿನ ಹಿಂದೆ ಅತ್ತವರೇ. ಮುಂದೆ ನೀನು ಗದಗಿನಲ್ಲಿ, ನಾನು ಲಕ್ಷ್ಮೇಶ್ವರದಲ್ಲಿ ಅದೇ ಪಾಠ ಹೇಳತೊಡಗಿದಾಗ, ತಪ್ಪನ್ನು ಕನ್ನಡದಲ್ಲಿ ತಿಳಿಸಿ ಹೇಳುವ, ಮೊಬೈಲಿನಲ್ಲೂ ನಡೆಯುವ ಕಂಪೈಲರ್ ಒಂದನ್ನು ನಾವೇ ಮಾಡೋಣ ಎಂದುಕೊಂಡೆವು. ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಭಾಗ ನಿನ್ನದಾಯಿತು. ಸರಿಯಾಗಿ ತಿರುಗಿಸುತ್ತದೆಯೋ ಇಲ್ಲವೋ ಎಂದು ಹಿಡಿದು ನೋಡುವ ಕೆಲಸ ನನ್ನದಾಯಿತು. ಅದರಲ್ಲೂ ಮ್ಯಾಕ್ರೊ ಎಂಬ ಸಿಕ್ಕು ಪೂರ್ತಿ ನನ್ನ ಕೊರಳಿಗೆ ಬಿತ್ತು.

ಮ್ಯಾಕ್ರೊ ಎಂದರೇನು ಎಂದು ನಮ್ಮ ಅಪ್ಪ ಕೇಳಿದ್ದರು, ನೆನಪಿದೆಯೇ? ಪ್ರೋಗ್ರಾಮಿನ ತಲೆಯಲ್ಲಿ ಒಂದು ಹೆಸರು ಬರೆದು, ಮುಂದೆ ಈ ಹೆಸರು ಬಂದಲ್ಲೆಲ್ಲ ಇಂಥದ್ದನ್ನು ಕೂಡಿಸಿಕೋ ಎಂದು ಯಂತ್ರಕ್ಕೆ ಹೇಳಿಡುವುದು ಎಂದೆ. ಅಪ್ಪ ನಕ್ಕು, "ಹಂಗಾರ ಇದು ನಮ್ಮ ಪ್ರೆಸ್ಸಿನ ಕೆಲಸಾನ ಆತಲ್ಲವಾ! ಗುರುತು ಹಾಕಿದಲ್ಲೆ ಅಚ್ಚಿನ ಮೊಳಿ ಕೂಡಸೂದು. ಕೂಡಿಸಿದ್ದು ಖರೆ ಐತೋ ಸುಳ್ಳೈತೋ ಅಂತ ನೋಡೂದು ನಿನ್ನ ಪಾಳಿ ಅನ್ನು," ಎಂದರು. ಅಪ್ಪ, ಅಂದರೆ ಕೊಟ್ರಪ್ಪನವರು, ಗದಗಿನ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿದವರು. ನನಗೆ ಕೆಲಸ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಅವರು. "ಮುಂದಿಂದ ಓದಿದ್ರ ಕಣ್ಣು ಅರ್ಥದ ಬೆನ್ನ ಹತ್ತಿ ಓಡತೈತಿ, ತಪ್ಪು ಕಾಣಂಗಿಲ್ಲ. ಕಡೇ ಸಾಲಿನಿಂದ ಮ್ಯಾಲಕ್ಕ ಓದು," ಎನ್ನುತ್ತಿದ್ದರು. ಇನ್ನೊಂದು ಮಾತು, ಪ್ರೂಫನ್ನು ಹಸ್ತಪ್ರತಿಗೆ ಹಿಡಿದು ನೋಡಬೇಕು, ಬೇರೆಯವರು ಅಚ್ಚು ಹಾಕಿದ್ದಕ್ಕೆ ಹಿಡಿದು ನೋಡಬಾರದು, ಅವರ ತಪ್ಪು ನಮಗೂ ಹತ್ತುತ್ತದೆ. ಹಾಗೆಂದೇ ನಾನು ಬೇರೆ ಕಂಪೈಲರ್ ಏನು ಹೇಳುತ್ತದೆ ಎಂದು ಇಣುಕಿ ನೋಡುವುದು ಬೇಡ ಎಂದೆ. ನಿಯಮದ ಪುಸ್ತಕ ಓದಿ, ಪ್ರತಿ ಟೆಸ್ಟಿನ ಉತ್ತರವನ್ನು ಕೈಯಿಂದಲೇ ಕಂಡುಹಿಡಿದು ಬರೆದೆ. ನಾನೂರಾ ಹದಿನೆಂಟು ಟೆಸ್ಟು. ಒಂದೊಂದೂ ನಾಲ್ಕೈದು ಸಾಲಿನ ಪ್ರೋಗ್ರಾಮು, ಕೆಳಗೆ ಬರಬೇಕಾದ ಉತ್ತರ. ನಿನ್ನ ಕಂಪೈಲರ್ ಆ ಉತ್ತರ ಕೊಟ್ಟರೆ ಪಾಸು, ಇಲ್ಲವಾದರೆ ನೀನು ತಿದ್ದಬೇಕು.

ಎರಡು ವರ್ಷದ ರವಿವಾರಗಳು, ಹರ್ಷಾ. ಏಳರ ಬಸ್ಸು ಹಿಡಿದು ಮುಳಗುಂದದ ಮೇಲೆ ಹಾಯ್ದು, ಗದಗಿನಲ್ಲಿ ಇಳಿದು, ಬೆಟಗೇರಿಗೆ ಬರುತ್ತಿದ್ದೆ. ನಿಮ್ಮ ಓಣಿಯಲ್ಲಿ ಮಗ್ಗದ ಸದ್ದು ಕೇಳುತ್ತ ಪಡಸಾಲೆಯಲ್ಲಿ ಕೂತು ಬರೆದ ಟೆಸ್ಟುಗಳ ಮ್ಯಾಕ್ರೊಗಳಿಗೆ ಸೀರೆಯ ಅಂಚು, ಸೆರಗು, ಒಡಲು ಎಂದೇ ಹೆಸರಿಟ್ಟೆ. ನಿಮ್ಮ ತಾಯಿ ಯಮುನಾಬಾಯಿಯವರು ಹಚ್ಚಿದ ಅವಲಕ್ಕಿ ತಂದಿಟ್ಟು, "ಮೊದಲ ತಿನ್ನವಾ, ಆಮ್ಯಾಲೆ ನಮ್ಮ ಹರ್ಷಾನ ತಪ್ಪು ಹುಡುಕೀಯಂತ," ಎನ್ನುತ್ತಿದ್ದರು. ಆ ಮನೆಯಲ್ಲಿ ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ಅವಲಕ್ಕಿ ಹಚ್ಚುವ ನಿಮ್ಮ ತಾಯಿಗೂ ಗೊತ್ತಿತ್ತು.

ಫೆಬ್ರುವರಿಯಲ್ಲಿ ಮುಂಡರಗಿಯಲ್ಲಿ ಸಮಿತಿಯ ಮೊದಲ ಸಭೆ ಆಯಿತು. ಜಿಲ್ಲೆಯ ಡಿಪ್ಲೊಮಾ ಕಾಲೇಜುಗಳೆಲ್ಲ ಈ ಕಂಪೈಲರನ್ನೇ ಲ್ಯಾಬಿಗೆ ತಗೊಳ್ಳಬೇಕೋ ಬೇಡವೋ ಎಂದು ನೋಡುವ ಸಮಿತಿ. ನೀನು ನನಗೆ ಖಬರ ಕೊಡಲಿಲ್ಲ. ಶಿರಹಟ್ಟಿಯ ಅಝೀಮ ಸರ್ ಆ ಸಮಿತಿಯಲ್ಲಿದ್ದಾರೆ, ಅವರು ಹೇಳಿದರು. ಮರೆತಿರಬೇಕು ಪಾಪ ಎಂದುಕೊಂಡು ನಾನಾಗಿಯೇ ಬಂದೆ. ಬಸ್ಸು ತಡವಾಗಿ ಹಿಂದಿನ ಸಾಲಿನಲ್ಲಿ ಕೂತೆ. ನೀನು ನನ್ನನ್ನು ನೋಡಲಿಲ್ಲ. ಇಷ್ಟು ಟೆಸ್ಟ್ ಯಾರು ಬರೆದರು ಎಂದು ಅಧ್ಯಕ್ಷರು ಕೇಳಿದರು. ನೀನು ನೀರು ಕುಡಿದಷ್ಟು ಸಲೀಸಾಗಿ ಹೇಳಿದೆ: "ನಾನ ಬರದೇನ್ರಿ. ಲಕ್ಷ್ಮೇಶ್ವರದಾಗ ಒಬ್ಬ ಗೆಳತಿ ಇದ್ದಾಳ, ಟೈಪ್ ಮಾಡ್ಲಿಕ್ಕೆ ಸಹಾಯ ಮಾಡ್ಯಾಳ."

ನಾನು ಎದ್ದು ಕೂಗಲಿಲ್ಲ. ಅವರು ಕೊಟ್ಟ ಚಹಾ ಕುಡಿದು ಲೋಟ ತೊಳೆದಿಟ್ಟು ಬಂದೆ. ಯಾರು ಸತ್ತಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ. ಮರುದಿನ ಫೋನ್ ಮಾಡಿದರೆ ನೀನು ಏನಂದೆ? "ಒಂದ ಹೆಸರು ಕೇಳಿದ್ರು ಕಾಂಚನಾ. ಫಾರ್ಮಿನ್ಯಾಗ ಎರಡು ಹೆಸರಿಗೆ ಜಾಗಾನ ಇರ್ಲಿಲ್ಲ. ನೀ ತಿಳ್ಕೋತೀ ಅನ್ಕೊಂಡೆ." ಜಾಗ ಇರಲಿಲ್ಲವಂತೆ! ಫಾರ್ಮಿನಲ್ಲಿ ಇರಲಿಲ್ಲ, ಬಾಯಲ್ಲೂ ಇರಲಿಲ್ಲವೇ? ಆಗ ನಾನು ಆಡಿದ ಮಾತಿನಲ್ಲಿ ನಿಮ್ಮ ತಂದೆಯನ್ನೂ ಎಳೆದೆ, ಅದು ನನ್ನ ತಪ್ಪು, ಅದನ್ನಷ್ಟು ಒಪ್ಪುತ್ತೇನೆ. ನೀನು ಫೋನ್ ಇಟ್ಟೆ. ಅಂದಿನಿಂದ ನನ್ನ ನಂಬರು ನಿನಗೆ ಹತ್ತುವುದಿಲ್ಲ.

ಈಗ ಮಂಗಳವಾರದ ಕಥೆಗೆ ಬರುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಬರೆಯುವುದರಲ್ಲಿ ನನಗೆ ಸುಖವಿದೆ.

ಗದಗಿನ ಆ ಸಭಾಂಗಣದಲ್ಲಿ ನಲವತ್ತು ಜನ ಉಪನ್ಯಾಸಕರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ರಚನೆ ಮತ್ತು ಪರೀಕ್ಷೆ: ಹರ್ಷಾ ದತ್ತಾತ್ರಿ’. ನೀನು ಬೆಟಗೇರಿಯ ಹೊಸ ಸೀರೆ ಉಟ್ಟು, "ಮ್ಯಾಕ್ರೊ ಭಾಗದಾಗ ನಾನೂರಾ ಹದಿನೆಂಟೂ ಟೆಸ್ಟ್ ಪಾಸ್ ಆಗ್ಯಾವ್ರಿ, ಒಂದೂ ಫೇಲ್ ಇಲ್ಲ," ಎಂದೆ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆಮೇಲೆ ಎದ್ದು ನಿಂತು, ಐದು ಸಾಲಿನ ಒಂದು ಪ್ರೋಗ್ರಾಂ ಹಾಕಿ ತೋರಿಸುತ್ತೀರಾ ಮೇಡಂ ಎಂದು ಕೇಳಿದೆ. ನನ್ನ ದನಿ ಕೇಳಿ ನಿನ್ನ ಕೈ ನಿಂತಿತು. ಆದರೆ ನಲವತ್ತು ಜನರ ಎದುರು ಇಲ್ಲ ಎನ್ನುವ ಹಾಗಿರಲಿಲ್ಲ. ನಾನು ಹೇಳುತ್ತ ಹೋದೆ, ನೀನು ಟೈಪ್ ಮಾಡುತ್ತ ಹೋದೆ. ಯಾರು ಟೈಪಿಸ್ಟ್ ಎಂದು ನೋಡಿದೆಯಾ?

ಅಂಚು ಎಂದರೆ ಹತ್ತು. ಸೆರಗು ಎಂದರೆ ಅಂಚು. ಅಂಚನ್ನು ರದ್ದು ಮಾಡು. ಈಗ ಅಂಚು ಎಂದರೆ ಇಪ್ಪತ್ತು. ಸೆರಗು ಎಷ್ಟು, ತೋರಿಸು.

ಪರದೆಯ ಮೇಲೆ ಹತ್ತು ಎಂದು ಬಂತು. ಅಝೀಮ ಸರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಇಪ್ಪತ್ತು ಬರಬೇಕಲ್ರೀ ಮೇಡಂ. ಸೆರಗು ಅಂಚಿನ ಹೆಸರಷ್ಟ ನೆನಪಿಡಬೇಕು. ಬೆಲಿ ಕೇಳಿದಾಗ ಹೋಗಿ ನೋಡಿ ಹೇಳಬೇಕು, ಆಗ ಅಂಚು ಇಪ್ಪತ್ತೈತಿ," ಎಂದರು. ತಮ್ಮ ಲ್ಯಾಪ್‌ಟಾಪಿನ ಬೇರೆ ಕಂಪೈಲರಿಗೂ ಹಾಕಿದರು. ಇಪ್ಪತ್ತು. ಪಕ್ಕದವರೂ ಹಾಕಿದರು. ಇಪ್ಪತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗೆ ಬೆಂಕಿಯ ಹಾಗೆ ಇಡೀ ಸಭೆಗೆ ಹತ್ತಿತು.

ಆಗ ನಾನು ಅಪ್ಪನ ಪ್ರೆಸ್ಸಿನ ಪದ್ಧತಿ ಹೇಳಿದೆ. ಹೊಸ ಪ್ರೂಫ್ ರೀಡರ್ ಬಂದರೆ ಹಿರಿಯರು ಒಂದು ಪುಟದಲ್ಲಿ ಬೇಕಂತಲೇ ಒಂದು ತಪ್ಪು ಬಿಟ್ಟು ಅವನ ಕೈಗೆ ಕೊಡುತ್ತಿದ್ದರು. ಹಿಡಿದರೆ ಓದಿದ್ದಾನೆ, ಹಿಡಿಯದಿದ್ದರೆ ಬರೀ ಸಹಿ ಹಾಕಿದ್ದಾನೆ ಎಂದು ಲೆಕ್ಕ. "ಈ ಟೆಸ್ಟುಗಳನ್ನು ಬರೆದವಳು ನಾನು. ಈ ಪ್ರೋಗ್ರಾಂ ಅವುಗಳಲ್ಲಿ ಇನ್ನೂರಾ ಏಳನೆಯದು, ಅದರಲ್ಲಿ ಬೇಕಂತಲೇ ತಪ್ಪು ಉತ್ತರ ಇಟ್ಟಿದ್ದೆ. ಮೇಡಂ ಅವರು ವಿಚಾರ ಮಾಡದೆ ತಮ್ಮ ಕಂಪೈಲರನ್ನು ಆ ತಪ್ಪಿಗೇ ಹೊಂದಿಸಿದ್ದಾರೆ. ತಾವೇ ಬರೆದಿದ್ದರೆ ಹೀಗಾಗುತ್ತಿತ್ತೇ?" ಎಂದೆ. ಇಷ್ಟನ್ನೂ ಅಚ್ಚ ಶುದ್ಧ ಕನ್ನಡದಲ್ಲಿ ಹೇಳಿದೆ. ಮೂರು ದಿನ ಕನ್ನಡಿಯ ಮುಂದೆ ನಿಂತು ಕಲಿತಿದ್ದೆ.

ನೀನು ಒಮ್ಮೆ ನನ್ನ ಕಡೆ ನೋಡಿದೆ. ಬಾಯಿ ತೆರೆದೆ, ಮುಚ್ಚಿದೆ. ಆಮೇಲೆ ಮೇಜಿನ ಮೇಲಿನ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತತೊಡಗಿದೆ. ಅಧ್ಯಕ್ಷರು, "ಇವತ್ತಿಗೆ ಇಷ್ಟ ಸಾಕ್ರಿ. ಇಪ್ಪತ್ತೆಂಟಕ್ಕ ಮುಂಡರಗ್ಯಾಗ ಸೇರೋಣು, ಅಲ್ಲಿ ಕಡೇ ತೀರ್ಮಾನ," ಎಂದು ಎದ್ದರು. ನಿನ್ನ ಬಾಯಿಗೆ ಬಂದ ಮಾತು ಏನಿತ್ತು ಎಂಬುದು ನನಗೆ ಬೇಡ. ಅದನ್ನು ನೀನು ನುಂಗಿದೆ, ನನಗೆ ಅಷ್ಟು ಸಾಕು. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಮಾತು ಕೇಳಿದರು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ವಯಸ್ಸಾದವರು ಏನಾದರೂ ಕೇಳುತ್ತಾರೆ.

ನಿನ್ನಿಂದ ನನಗೇನೂ ಬೇಕಿಲ್ಲ. ಆ ಟೆಸ್ಟುಗಳನ್ನು ಬರೆದವರು ಯಾರು ಎಂದು ಈಗ ನಲವತ್ತು ಜನಕ್ಕೆ ಗೊತ್ತು. ನನ್ನ ಹೆಸರು ನನ್ನ ಕೈಗೆ ಬಂತು, ನಿನ್ನದು ಏನಾಯಿತು ಎಂಬುದನ್ನು ನೀನು ನೋಡಿಕೋ. ಯಮುನಾಬಾಯಿಯವರಿಗೆ ನನ್ನ ನಮಸ್ಕಾರ ಹೇಳು. ಹೇಳುವುದಿಲ್ಲ ಎಂದು ಗೊತ್ತು, ಆದರೂ ಹೇಳು.

ಇಂತಿ,
ನಿನ್ನ ಟೈಪಿಸ್ಟ್,
ಕಾಂಚನಾ

ತಾ. ಕ. — ರವಿವಾರ, ೧೫ ಜೂನ್

ಪತ್ರ ಮೂರು ದಿನ ಚೀಲದಲ್ಲೇ ಉಳಿಯಿತು. ಎರಡು ಸಲ ಅಂಚೆ ಡಬ್ಬಿಯ ಮುಂದೆ ಹಾಯ್ದೆ, ಹಾಕಲಿಲ್ಲ. ಅಪ್ಪ ಕೇಳಿದ್ದನ್ನು ಬರೆದುಬಿಡುತ್ತೇನೆ. "ಪ್ರೆಸ್ಸಿನ್ಯಾಗ ಬೇಕಂತ ತಪ್ಪ ಬಿಟ್ರ, ಎಲ್ಲಿ ಬಿಟ್ಟೇವಿ ಅಂತ ಚೀಟಿ ಬರದು ಮ್ಯಾನೇಜರ ಕೈಯಾಗ ಮೊದಲ ಕೊಟ್ಟಿರತಿದ್ವಿ. ಇಲ್ಲಂದ್ರ ಆ ತಪ್ಪು ಅಚ್ಚಾಗಿ ಹೋಗತಿತ್ತು. ನಿನ್ನ ಚೀಟಿ ಯಾರ ಕೈಯಾಗ ಐತೆವ್ವಾ?"

ಚೀಟಿ ಇಲ್ಲ, ಹರ್ಷಾ. ನಾನು ಬೇಕಂತ ಬಿಟ್ಟ ತಪ್ಪಲ್ಲ ಅದು. ಎರಡು ವರ್ಷ ಇನ್ನೂರಾ ಏಳರ ಉತ್ತರ ಹತ್ತು ಎಂದೇ ನಂಬಿದ್ದೆ. ಸಮಿತಿಗೆ ನಿನ್ನ ಮೇಲೆ ದೂರು ಕೊಡಲೆಂದು ಮೇ ತಿಂಗಳಲ್ಲಿ ನಾನೂರಾ ಹದಿನೆಂಟನ್ನೂ ಮೊದಲ ಸಲ ಬೇರೆ ಕಂಪೈಲರಿಗೆ ಹಾಕಿ ನೋಡಿದೆ. ಒಂದು ಮಾತ್ರ ತಾಳೆಯಾಗಲಿಲ್ಲ. ಆ ಕಂಪೈಲರೇ ತಪ್ಪು ಎಂದು ಅರ್ಧ ದಿನ ಬೈದೆ. ಆಮೇಲೆ ತಿಳಿಯಿತು. ಉತ್ತರ ಬರೆಯುವಾಗ ರೂಢಿಯಂತೆ ಕಡೆಯ ಸಾಲಿನಿಂದ ಮೇಲಕ್ಕೆ ಓದಿದ್ದೆ. ಇಪ್ಪತ್ತನ್ನೂ ರದ್ದನ್ನೂ ದಾಟಿ ಬಂದೆ. ಸೆರಗು ಎಂದರೆ ಅಂಚು, ಅದರ ಮೇಲಿನ ಸಾಲಿನಲ್ಲಿ ಅಂಚು ಎಂದರೆ ಹತ್ತು, ಅಲ್ಲಿಗೆ ಮುಗಿಯಿತು ಎಂದು ಬರೆದಿದ್ದೆ. ಅಚ್ಚಿನ ಅಕ್ಷರ ಹಿಂದಿನಿಂದ ಓದಿದರೂ ಅದೇ ಅಕ್ಷರ. ಮ್ಯಾಕ್ರೊ ಹಾಗಲ್ಲ, ಅಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಎಲ್ಲ. ನನ್ನ ತಪ್ಪನ್ನು ನಿನ್ನ ಕಂಪೈಲರಿನಲ್ಲಿ ಹಾಕಿ ನೋಡಿದೆ, ಹತ್ತು ಎಂದಿತು. ಆ ಗಳಿಗೆಗೆ ನನಗೆ ಈ ಸುಳ್ಳು ಹೊಳೆಯಿತು, ಮತ್ತು ಬಹಳ ಸಂತೋಷವಾಯಿತು.

ನನಗಿದ್ದದ್ದು ಒಂದೇ ಹೆದರಿಕೆ. ನೀನು ವೇದಿಕೆಯ ಮೇಲೆ ನಿಂತು, ಇದು ನಿನ್ನ ಉತ್ತರ ಕಾಂಚನಾ, ತಪ್ಪೂ ನಿನ್ನದೇ ಎಂದುಬಿಟ್ಟರೆ? ಆದರೆ ಹಾಗೆನ್ನಲು ಟೆಸ್ಟ್ ಬರೆದವಳು ನಾನೆಂದು ಮೊದಲು ಒಪ್ಪಬೇಕಿತ್ತು. ನೀನು ಒಪ್ಪುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಬಂದಿದ್ದೆ.

ನಿನ್ನೆ ಅಝೀಮ ಸರ್ ಬಂದಿದ್ದರು. ಸಮಿತಿ ಕೇಳಿದ್ದಕ್ಕೆ ನೀನು ನಿನ್ನ ಕೆಲಸದ ನೋಟ್‌ಬುಕ್ಕುಗಳನ್ನು ಕೊಟ್ಟಿದ್ದೀಯಂತೆ. ಅದರೊಳಗಿನ ಒಂದು ಹಾಳೆ ನನ್ನ ಮುಂದಿಟ್ಟು, "ಇದನ್ನ ಇನ್ನೂ ಯಾರಿಗೂ ತೋರಿಸಿಲ್ರೀ ಮೇಡಂ. ತೋರ್ಸೂದು ಬಿಡೂದು ನಿಮಗ ಬಿಟ್ಟದ್ದು," ಎಂದು ಚಹಾನೂ ಕುಡಿಯದೆ ಹೋದರು. ಎರಡು ವರ್ಷದ ಹಿಂದಿನ ನಿನ್ನ ಬರಹ. ಇಲ್ಲಿ ಹಾಗೇ ಇಳಿಸುತ್ತೇನೆ:

"೨೦೭. ನಂದು ೨೦ ಬರ್ತದ. ಕಾಂಚನಾ ೧೦ ಅಂತ ಬರದಾಳ. ನಾಕು ಸಲ ನೋಡಿದೆ, ನಂದ ಸರಿ ಅನಸ್ತದ. ಆದ್ರ ಅಕಿ ಹಿಂದಿಂದ ಓದಿ ನೋಡಿರ್ತಾಳ, ಅಕಿ ತಪ್ಪೂದಿಲ್ಲ. ನಂದ ತಿದ್ದೀನಿ."

ಓದಿ ಅತ್ತುಬಿಟ್ಟೆ. ಅಳಿಸಿದ್ದಕ್ಕೂ ನಿನ್ನ ಮೇಲೆಯೇ ಸಿಟ್ಟು ಬಂತು. ಸರಿಯಾದದ್ದನ್ನು ನನ್ನ ಮಾತಿಗೆ ಕೆಡಿಸಿಕೊಳ್ಳುವಷ್ಟು ನನ್ನನ್ನು ನಂಬಿದವಳು, ಆ ನಂಬಿಕೆಯನ್ನು ಮುಂಡರಗಿಯಲ್ಲಿ ಒಂದು ಸಾಲಿನಲ್ಲಿ ಹೇಳಲಾರದೆ ಹೋದೆಯಲ್ಲ.

ಆದ್ದರಿಂದ ಕೇಳು. ಇಪ್ಪತ್ತೆಂಟಕ್ಕೆ ಮುಂಡರಗಿಗೆ ನಾನೂ ಬರುತ್ತೇನೆ. ಎಲ್ಲರ ಎದುರು ನೀನು ಎದ್ದು, ಈ ಟೆಸ್ಟುಗಳನ್ನು ಕಾಂಚನಾ ಬರೆದಳು, ಟೈಪ್ ಮಾಡಲಿಲ್ಲ, ಬರೆದಳು ಎಂದು ಹೇಳು. ನೀನು ಹೇಳಿ ಕೂತ ಮೇಲೆ ನಾನು ಎದ್ದು, ಇನ್ನೂರಾ ಏಳು ನನ್ನ ತಪ್ಪು, ಹರ್ಷಾ ಮೊದಲೇ ಸರಿಯಾಗಿ ಬರೆದಿದ್ದಳು ಎಂದು ಈ ಹಾಳೆ ಓದುತ್ತೇನೆ. ಹಾಳೆ ನನ್ನ ಚೀಲದಲ್ಲಿರುತ್ತದೆ. ನೀನು ಏಳದಿದ್ದರೆ ಚೀಲದಲ್ಲೇ ವಾಪಸು ಲಕ್ಷ್ಮೇಶ್ವರಕ್ಕೆ ಬರುತ್ತದೆ. ಮೊದಲು ನಾನಂತೂ ಏಳುವುದಿಲ್ಲ.